ಹಲ್ಲಿನ ಡಾಕ್ಟರೂ ಸೋರುವ ಕಿಟಕಿಯೂ

"ಇನ್ನು ಮೇಲೆ ಈ ದೋಣಿಯೊಳಗೆ ಒಂದೇ ಒಂದು ಹನಿ ನೀರು ಬಂದರೆ, ನಾನು ಹಲ್ಲಿನ ಡಾಕ್ಟರೇ ಅಲ್ಲ!"

ಹೀಗೆಂದು ಹಲ್ಲಿನ ಡಾಕ್ಟರು ಎದೆ ತಟ್ಟಿ ಘೋಷಿಸಿದ್ದು ಒಂದು ಭಾನುವಾರದ ಮಧ್ಯಾಹ್ನ, ಸಮುದ್ರದಂಚಿನ ಜೆಟ್ಟಿಗೆ ಕಟ್ಟಿದ್ದ ತಮ್ಮ ಹಳೆಯ ಹಾಯಿದೋಣಿಯೊಳಗೆ, ಒಂದು ಕೈಯಲ್ಲಿ ಬಕೆಟ್ಟು ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು. ಹಾಗಾದರೆ ಎದೆ ತಟ್ಟಲು ಮೂರನೆಯ ಕೈ ಎಲ್ಲಿಂದ ಬಂತು ಎಂದು ಕೇಳಬೇಡಿ. ಬಡಾಯಿ ಕೊಚ್ಚುವವರಿಗೆ ಅಂಥ ಸಣ್ಣಪುಟ್ಟ ಅಂಗಾಂಗಗಳು ಸಮಯಕ್ಕೆ ಸರಿಯಾಗಿ ಮೊಳೆಯುತ್ತವೆ!

ಘೋಷಣೆಗೆ ಕಾರಣ ಅವರ ಹೆಂಡತಿಯ ಕಿವಿ. ಆಕೆ ಡ್ರೈವಿಂಗ್ ಸ್ಕೂಲ್ ನಡೆಸುವವರು. ವಾರವಿಡೀ ಹೊಸಬರ ಪಕ್ಕದ ಸೀಟಿನಲ್ಲಿ ಕೂತು, "ಬ್ರೇಕು ಒತ್ತಪ್ಪಾ! ಅಯ್ಯೋ, ಅದು ಬ್ರೇಕಲ್ಲ!" ಎಂದು ಕೂಗಿ ಕೂಗಿ ಬಳಲಿದ ಜೀವ. ಭಾನುವಾರವಾದರೂ ಒಂದು ಗಳಿಗೆ ಕಣ್ಣು ಮುಚ್ಚೋಣವೆಂದು ದೋಣಿಯ ಕಿಟಕಿ ಕೆಳಗಿನ ಹಾಸಿಗೆಯಲ್ಲಿ ಒರಗಿದ್ದರು. ಹೊರಗೆ ಮಳೆ ಹಿಡಿಯಿತು. ಕಿಟಕಿಯ ಅಂಚಿನಲ್ಲಿ ಒಂದು ಹನಿ ಹುಟ್ಟಿತು, ದಪ್ಪಗಾಯಿತು, ಹೊರಡಲೋ ಬೇಡವೋ ಎಂದು ಸ್ವಲ್ಪ ಯೋಚಿಸಿತು, ಆಮೇಲೆ ಗುರಿಯಿಟ್ಟವರಂತೆ ನೆಟ್ಟಗೆ ಆಕೆಯ ಕಿವಿಯೊಳಕ್ಕೇ ಇಳಿಯಿತು.

ಆಕೆ ಎದ್ದು ಕೂತರು. ಕೂಗಲಿಲ್ಲ, ಬಯ್ಯಲಿಲ್ಲ. ಡಾಕ್ಟರಿಗೆ ಹೆದರಿಕೆಯಾದದ್ದೇ ಅದಕ್ಕೆ.

"ರೀ, ನನ್ನ ತಮ್ಮ ಈ ದೋಣಿ ಕೇಳ್ತಾ ಇದ್ದಾನಲ್ಲ. ಕೊಟ್ಟುಬಿಡೋಣ."

"ಕೊಡೋದಾ! ಅವನು ಇದನ್ನ ದಡಕ್ಕೆ ಎಳೆದು, ತನ್ನ ಹೋಟೆಲ್ ಮುಂದೆ ನಿಲ್ಲಿಸಿ ಐಸ್‌ಕ್ರೀಮ್ ಮಾರ್ತಾನಂತೆ ಕಣೇ! ಬಿರುಗಾಳಿ ಕಂಡಿರೋ ದೋಣಿ! ಇದರಲ್ಲಿ ಐಸ್‌ಕ್ರೀಮಾ?"

"ಐಸ್‌ಕ್ರೀಮಾದ್ರೆ ಕೇಳಿದವರ ಬಾಯಿಗೆ ಬೀಳತ್ತೆ. ಇಲ್ಲಿ ಕೇಳದೇ ಇದ್ರೂ ಕಿವಿಗೆ ಬೀಳ್ತಿದೆ."

ಆ ದೋಣಿಯೆಂದರೆ ಡಾಕ್ಟರಿಗೆ ಪ್ರಾಣ. ಯಾಕೆ ಎಂಬುದನ್ನೂ ಹೇಳಿಬಿಡಬೇಕು. ಕ್ಲಿನಿಕ್ಕಿನಲ್ಲಿ ದಿನವಿಡೀ ಅವರು ಮಾತಾಡುತ್ತಾರೆ, ನಿಜ. ಆದರೆ ಎದುರಿಗಿರುವವರ ಬಾಯಿ ತುಂಬ ಹತ್ತಿ. "ಆಂ", "ಊಂ" ಬಿಟ್ಟರೆ ಉತ್ತರವಿಲ್ಲ. ಮನೆಯಲ್ಲಿ ಟೀವಿಯ ರಿಮೋಟು ಕೂಡ ಅವರು ಒತ್ತಿದರೆ ಕೇಳುವುದಿಲ್ಲ. ಇಡೀ ಭೂಮಂಡಲದಲ್ಲಿ ಅವರ ಅಪ್ಪಣೆ ನಡೆಯುವ ಜಾಗ ಈ ದೋಣಿಯೊಂದೇ. ಇಲ್ಲಿ ಅವರು ಕ್ಯಾಪ್ಟನ್ನು. "ಹಾಯಿ ಬಿಚ್ಚು!" ಎಂದು ಗುಡುಗಿದರೆ ಹಾಯಿ ಬಿಚ್ಚಿಕೊಳ್ಳುತ್ತಿತ್ತು. ಬಿಚ್ಚುತ್ತಿದ್ದವರು ಹೆಂಡತಿ ಎಂಬುದು ಬೇರೆ ಮಾತು.

ಆ ದೋಣಿ ಹೋಟೆಲಿನ ಮುಂದೆ ನಿಂತು, ಮಕ್ಕಳೆಲ್ಲ ಅದರ ಮೈಗೆ ಕೈ ಒರೆಸುವುದನ್ನು ನೆನೆದೇ ಅವರು ಬಕೆಟ್ಟು, ಒದ್ದೆ ಬಟ್ಟೆ ಎತ್ತಿಕೊಂಡು ಎದ್ದು ನಿಂತರು.

"ಒಂದು ಅವಕಾಶ ಕೊಡು. ಸೋರೋದನ್ನ ನಿಲ್ಲಿಸ್ತೀನಿ."

"ಯಾರನ್ನ ಕರೆಸ್ತೀರಿ?"

"ಕರೆಸೋದಾ? ಎಷ್ಟೋ ವರ್ಷದಿಂದ ಜನರ ಬಾಯಲ್ಲಿ ತೂತು ಮುಚ್ಚಿರೋ ಕೈ ಇದು! ಅದೂ ಎಂಥಾ ಜಾಗದಲ್ಲಿ? ಸದಾ ಜೊಲ್ಲು, ನಾಲಿಗೆ ಅಡ್ಡ ಬರುತ್ತೆ, ಮಧ್ಯೆ ಮಧ್ಯೆ ಕಚ್ಚುತ್ತಾರೆ ಬೇರೆ! ಈ ಕಿಟಕಿ ಏನು, ಕಚ್ಚುತ್ತಾ?"

ಆಕೆ ಕಿವಿ ಒರೆಸಿಕೊಂಡು ಯೋಚಿಸಿದರು. ದೋಣಿಯ ಕಾಗದದಲ್ಲಿ ಇಬ್ಬರ ಹೆಸರೂ ಇದ್ದುದರಿಂದ ಆಕೆಯ ಮಾತಿಗೂ ತೂಕವಿತ್ತು.

"ಸರಿ. ಮುಂದಿನ ತಿಂಗಳು ನನ್ನ ತಮ್ಮ ಬರ್ತಾನೆ. ಮಳೆ ಬರೋವಾಗ ಅವನನ್ನ ಇದೇ ಹಾಸಿಗೆ ಮೇಲೆ ಕೂರಿಸ್ತೀನಿ. ಒಂದು ಹನಿ ಬಿದ್ರೆ ಬೀಗದಕೈ ಅವನಿಗೆ. ಬೀಳದೇ ಇದ್ರೆ ದೋಣಿ ನಿಮ್ಮದು, ನಾನು ಬಾಯಿ ಬಿಡಲ್ಲ."

"ಎಲ್ಲರೂ ಬಾಯಿ ಬಿಡದೇ ಹೋದ್ರೆ ನನ್ನ ಕಸುಬು ನಡೆಯೋದು ಹೇಗೆ!" ಎಂದು ಡಾಕ್ಟರು ನಕ್ಕರು. ಆಕೆ ನಗಲಿಲ್ಲ.

ದೋಣಿಯ ಗೋಡೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನ ಅನಾಹುತ ಅರ್ಥವಾಗುವುದಿಲ್ಲ. ಒಳಗಿನ ಕೋಣೆಗೆ ಎರಡೂ ಪಕ್ಕ ಸಾಲಾಗಿ ಪುಟ್ಟ ಪುಟ್ಟ ಕಿಟಕಿಗಳು. ಊಟದ ತಟ್ಟೆಯಷ್ಟಗಲ, ಹಿತ್ತಾಳೆಯ ಚೌಕಟ್ಟು, ದಪ್ಪ ಗಾಜು. ಗೋಡೆಗೆ ಎರಡು ಪದರ. ಹೊರಗೆ ಗಟ್ಟಿ ಫೈಬರು, ಒಳಗೆ ಚೆಂದಕ್ಕೆ ಬಿಳಿ ಬಣ್ಣದ ತೆಳು ಹಲಗೆ, ನಡುವೆ ಕೈ ತೂರುವಷ್ಟು ಸಂದು. ಹಲಗೆಯ ಕೆಳಗಿನ ಅಂಚಿನಲ್ಲಿ, ಹಾಸಿಗೆಯ ಹಿಂದೆ, ಸಾಲಾಗಿ ಸಣ್ಣ ಸಣ್ಣ ತೂತುಗಳು. ಇಷ್ಟು ನೆನಪಿಟ್ಟುಕೊಳ್ಳಿ. ಡಾಕ್ಟರು ನೆನಪಿಟ್ಟುಕೊಳ್ಳಲಿಲ್ಲ.

ಮರುವಾರ ಅವರು ಯುದ್ಧಕ್ಕೆ ಹೊರಟವರಂತೆ ಜೆಟ್ಟಿಗೆ ಬಂದಿಳಿದರು. ಹಣೆಗೆ ಕ್ಲಿನಿಕ್ಕಿನ ದೀಪ. ಜೇಬಿನಲ್ಲಿ ಬಾಯಿಗನ್ನಡಿ, ಹಲ್ಲು ಕೆದಕುವ ಕೊಕ್ಕೆ. ಬಗಲಲ್ಲಿ ಕಪ್ಪು ಅಂಟಿನ ದೊಡ್ಡ ದೊಡ್ಡ ಟ್ಯೂಬುಗಳು. ಪಕ್ಕದ ದೋಣಿಯಿಂದ ಬಕೆಟ್ ಜಡ್ಜರು ತಲೆ ಹೊರಹಾಕಿದರು. ಅವರು ನಿವೃತ್ತ ಜಡ್ಜು. ಅವರ ದೋಣಿಯ ಪ್ರತಿ ಕಿಟಕಿಯ ಕೆಳಗೂ ಒಂದೊಂದು ಬಕೆಟ್ಟು ತೂಗುತ್ತಿದ್ದುದರಿಂದ ಜೆಟ್ಟಿಯ ಜನ ಕೊಟ್ಟ ಬಿರುದು ಅದು. ಅವರ ಎರಡು ದವಡೆ ಹಲ್ಲುಗಳನ್ನು ತುಂಬಿಸಿದ್ದು ನಮ್ಮ ಡಾಕ್ಟರೇ.

"ಡಾಕ್ಟ್ರೇ, ಹಳೇ ದೋಣಿ ಸೋರೋದು ಸಹಜ ಧರ್ಮ. ಬಕೆಟ್ ಇಡಿ, ನೆಮ್ಮದಿಯಾಗಿರಿ. ಇದು ನನ್ನ ಅಂತಿಮ ತೀರ್ಪು."

"ಜಡ್ಜ್ ಸಾಹೇಬ್ರೆ, ನಿಮ್ಮ ಹಲ್ಲಿಗೆ ತುಂಬಿದ್ನಲ್ಲ, ಸೋರಿದೆಯಾ?"

"ಇಲ್ಲಪ್ಪ."

"ಮತ್ತೆ! ಅದೇ ಕೈ, ಅದೇ ದೀಪ, ಅದೇ ಕೊಕ್ಕೆ!"

ಜಡ್ಜರು ತೀರ್ಪು ಕಾದಿರಿಸಿ ತಲೆ ಒಳಗೆಳೆದುಕೊಂಡರು.

ಹೆಂಡತಿ ಅಂಟಿನ ಟ್ಯೂಬನ್ನು ತಿರುಗಿಸಿ ತಿರುಗಿಸಿ ಓದುತ್ತಿದ್ದರು. "ರೀ, ಕಿಟಕಿನ ಚೌಕಟ್ಟು ಸಮೇತ ಬಿಚ್ಚಿ, ಹಳೇ ಅಂಟೆಲ್ಲ ಕೆರೆದು, ಹೊರಗಡೆಯಿಂದ ಹಚ್ಚಬೇಕಂತೆ. ಸ್ಕ್ರೂನ ಒಂದೇ ಸಲ ಬಿಗಿ ಮಾಡಬಾರದಂತೆ. ಒಂದು ದಿನ ಒಣಗೋಕೆ ಬಿಟ್ಟು ಆಮೇಲೆ..."

"ಸೂಚನೆ ಓದೋರು ರೋಗಿಗಳು ಕಣೇ. ಡಾಕ್ಟ್ರು ಬರೀತಾರೆ!"

"ಹೊರಗಡೆಯಿಂದ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ."

"ಕೆನ್ನೆಗೆ ತೂತು ಕೊರೆದು ಹೊರಗಡೆಯಿಂದ ಹಲ್ಲು ತುಂಬಿಸಿದ ಡಾಕ್ಟರನ್ನ ಎಲ್ಲಾದ್ರೂ ಕಂಡಿದ್ದೀಯಾ? ಎಲ್ಲಾ ಒಳಗಡೆಯಿಂದಲೇ!"

ನೋಡಿ, ವಿದ್ಯೆ ಅನ್ನುವುದು ಎಲ್ಲೆಲ್ಲಿ ಕೈ ಕೊಡುತ್ತದೆ ಅಂತ! ಡಾಕ್ಟರು ಹಾಸಿಗೆಯ ಮೇಲೆ ಮಂಡಿಯೂರಿ, ದೀಪ ಹೊತ್ತಿಸಿ, ಕಿಟಕಿಗೆ ಬಾಯಿಗನ್ನಡಿ ಹಿಡಿದರು. ಅಭ್ಯಾಸಬಲದಿಂದ "ಸ್ವಲ್ಪ ದೊಡ್ಡದಾಗಿ ತೆಗೀರಿ" ಎಂದೂ ಹೇಳಿದರು. ಕಿಟಕಿ ತೆಗೆಯಲಿಲ್ಲ. ಕೊಕ್ಕೆಯಿಂದ ಅಂಚನ್ನೆಲ್ಲ ಕೆದಕಿ, ಊದಿ, ಒರೆಸಿ, ಟ್ಯೂಬಿನ ಮೂತಿ ಇಟ್ಟು ಒತ್ತಿದರು.

ಹಲ್ಲಿಗೆ ತುಂಬುವ ಸಾಮಾನು ಕಡಲೆಕಾಳಿನಷ್ಟು ಸಾಕು. ಈ ಟ್ಯೂಬು ಒಮ್ಮೆ ಒತ್ತಿದರೆ ಮತ್ತೆ ನಿಲ್ಲುವ ಜಾತಿಯದಲ್ಲ! ಕಪ್ಪು ಅಂಟು ಹಾವಿನಂತೆ ಹೊರಬಂತು. ಕಿಟಕಿಗೆ ಹತ್ತಿತು, ಕಿಟಕಿ ಮುಗಿಯಿತು. ಕೈಗೆ ಹತ್ತಿತು, ಕೈ ಮುಗಿಯಿತು. ಒರೆಸಿದ ಬಟ್ಟೆಗೆ ಹತ್ತಿತು, ಬಟ್ಟೆ ಅವರನ್ನೇ ಹಿಡಿದುಕೊಂಡಿತು. ಕನ್ನಡಕ ಜಾರಿತೆಂದು ಸರಿ ಮಾಡಿಕೊಂಡರು, ಮೂಗಿಗೆ ಹತ್ತಿತು. ಮೂಗು ತುರಿಸಿತೆಂದು ಮೊಣಕೈಯಿಂದ ಒರೆಸಿಕೊಂಡರು, ಅಲ್ಲಿಗೆ ಮೀಸೆಯೂ ಗಟ್ಟಿಯಾಯಿತು. ಆಮೇಲೆ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಸ್ಕ್ರೂಗಳನ್ನು ತಿರುಪಿದರು. ಒಳಗಿದ್ದ ಅಂಟೆಲ್ಲ ಪಿಚಕ್ಕನೆ ಈಚೆಗೆ ಬಂದು ತಲೆದಿಂಬಿನ ಮೇಲೆ ಕೂತಿತು.

"ಆಯ್ತು!" ಎಂದರು ಡಾಕ್ಟರು. ತುಟಿ ಅಲುಗಲಿಲ್ಲ, ಧ್ವನಿ ಮಾತ್ರ ಬಂತು.

ಹೊರಡುವಾಗ, ಹಿಂದಿನ ಗಾಡಿಗೆ ದಾರಿ ಬಿಡಲೆಂದು ಡ್ರೈವಿಂಗ್ ಸ್ಕೂಲಿನ ಕಾರನ್ನು ನಾಲ್ಕು ಮಾರು ಮುಂದೆ ತಂದು ನಿಲ್ಲಿಸಿದ್ದು ಅವರೇ. ಅಷ್ಟೇ ಮಾಡಿದ್ದು. ಆದರೆ ಮರುದಿನ ಬೆಳಿಗ್ಗೆ ಆ ಕಾರಿನಲ್ಲಿ ಪಾಠಕ್ಕೆ ಬಂದವರು ಬ್ಯಾಂಕಿನ ಮ್ಯಾನೇಜರು. ಸಂಜೆ ಹೆಂಡತಿ ಕ್ಲಿನಿಕ್ಕಿಗೇ ಬಂದು ನಿಂತರು. ಕುರ್ಚಿಯಲ್ಲಿ ರೋಗಿ ಬಾಯಿ ತೆರೆದು ಮಲಗಿದ್ದರು.

"ಸ್ಟೀರಿಂಗ್‌ಗೆ ಏನು ಹಚ್ಚಿದ್ರಿ?"

"ನಾನಾ? ಏನೂ ಇಲ್ವಲ್ಲ."

"ಮ್ಯಾನೇಜರಿಗೆ 'ಸ್ಟೀರಿಂಗ್ ಬಿಗಿಯಾಗಿ ಹಿಡೀರಿ' ಅಂತ ಒಂದು ತಿಂಗಳಿಂದ ಹೇಳ್ತಿದ್ದೆ. ಇವತ್ತು ಹಿಡಿದ್ರು. ಬಿಡೋಕೇ ಆಗಲಿಲ್ಲ! ಸರ್ಕಲ್ ಸುತ್ತಿದ್ದೇ ಸುತ್ತಿದ್ದು. ಗೇರಿಗೆ ಕೈ ಬರಲ್ಲ, ಇಂಡಿಕೇಟರಿಗೆ ಕೈ ಬರಲ್ಲ. ಪೋಲೀಸಿನವರು ಮೊದಲು ಸೀಟಿ ಊದಿದ್ರು, ಆಮೇಲೆ ಸೆಲ್ಯೂಟ್ ಹೊಡೆದ್ರು, ಯಾರೋ ದೊಡ್ಡ ಮನುಷ್ಯರು ಸುತ್ತು ಬರ್ತಿದ್ದಾರೆ ಅಂತ. ನನ್ನ ಕಡೆ ಬ್ರೇಕ್ ಒತ್ತಿ ನಿಲ್ಲಿಸಿದೆ."

"ನೋಡಿದ್ಯಾ, ಎಂಥಾ ಅಂಟು! ಇನ್ನು ಕಿಟಕಿ ಸೋರುತ್ತಾ?"

ಕುರ್ಚಿಯಲ್ಲಿದ್ದ ರೋಗಿ ಅರ್ಧ ತೆರೆದಿದ್ದ ಬಾಯಿಯನ್ನು ಮೆಲ್ಲಗೆ ಮುಚ್ಚಿಕೊಂಡರು.

ಮುಂದಿನ ಭಾನುವಾರ ಪರೀಕ್ಷೆ. ಹೆಂಡತಿ ಒಳಗೆ ಹಾಸಿಗೆಯ ಮೇಲೆ, ಡಾಕ್ಟರು ಹೊರಗೆ ನೀರಿನ ಪೈಪು ಹಿಡಿದು ದೋಣಿಯ ನೆತ್ತಿಯ ಮೇಲೆ.

"ಬಂತಾ?"

"ಇಲ್ಲ!"

"ಈಗ?"

"ಇಲ್ಲ!"

ಡಾಕ್ಟರು ಪೈಪಿನೊಂದಿಗೇ ಒಂದು ಸುತ್ತು ಕುಣಿದರು.

"ಈ ಕಿಟಕಿಯಲ್ಲಿ ಬರ್ತಿಲ್ಲ," ಎಂದಿತು ಒಳಗಿನ ಧ್ವನಿ. "ಪಕ್ಕದ ಕಿಟಕಿಯಲ್ಲಿ ಬರ್ತಿದೆ."

ಪಕ್ಕದ ಕಿಟಕಿಗೂ ಅಂಟು ಬಿತ್ತು. ನೀರು ಅದರ ಪಕ್ಕದ್ದಕ್ಕೆ ಹೋಯಿತು. ಅದಕ್ಕೂ ಬಿತ್ತು. ನೀರು ವಾಪಸು ಬಂದು ಎರಡರ ನಡುವಿನ ಸಂದಿನಲ್ಲಿ ಇಣುಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತ ಹೋದರು ಡಾಕ್ಟರು. ಹೆಂಡತಿಗೆ ಒಂದು ಅನುಮಾನ ಬಂತು.

"ರೀ, ನೀರು ಬೇರೆಲ್ಲಿಂದಲೋ ಬರ್ತಿರಬೇಕು. ಕಿಟಕಿ ಬರೀ ಬಾಗಿಲು. ಒಂದು ಹಲ್ಲು ಕೆಟ್ರೆ ಇನ್ನೊಂದು ಹಲ್ಲು ನೋಯುತ್ತೆ ಅಂತ ನೀವೇ ಜನಕ್ಕೆ ಹೇಳ್ತಿರ್ತೀರಲ್ಲ?"

"ಅದು ಹಲ್ಲು! ಇದು ದೋಣಿ! ಎರಡನ್ನೂ ಯಾಕೆ ಬೆರೆಸ್ತೀಯಾ?"

ಬೆರೆಸಿದವರು ಯಾರು ಎಂದು ಆಕೆ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿ ಪ್ರಯೋಜನವಿಲ್ಲ ಎಂಬುದು ಮದುವೆಯಾದವರಿಗೆ ಬೇಗ ತಿಳಿಯುತ್ತದೆ.

ಕೊನೆಗೆ ಎಲ್ಲ ಕಿಟಕಿಗಳಿಗೂ ಕಪ್ಪು ಹುಬ್ಬು ಬಂತು. ತೆರೆಯುವ ಕಿಟಕಿಗಳೂ ತೆರೆಯದಂತಾದವು. ಒಳಗೆ ಕೂತರೆ ಬೆವರಿನ ಸ್ನಾನ. ಆಗ ಡಾಕ್ಟರ ದೀಪ ಹಾಸಿಗೆಯ ಹಿಂದಿನ ಆ ಸಾಲು ತೂತುಗಳ ಮೇಲೆ ಬಿತ್ತು. ಆಹಾ! ಹಲ್ಲಿನ ಡಾಕ್ಟರಿಗೆ ತೂತು ಕಂಡರೆ, ಬೆಕ್ಕಿಗೆ ಹಾಲು ಕಂಡಂತೆ.

"ನೋಡು ನೋಡು! ಕಟ್ಟಿದ ಮಹಾನುಭಾವ ಇಷ್ಟೊಂದು ತೂತು ಹಾಗೇ ಬಿಟ್ಟಿದ್ದಾನೆ. ಸಾಲಾಗಿ ಹುಳುಕು!"

"ಇಷ್ಟು ನೇರವಾಗಿ ಸಾಲಾಗಿ ಬಿಟ್ಟಿದ್ದಾನೆ ಅಂದ್ರೆ ಬೇಕು ಅಂತಲೇ ಬಿಟ್ಟಿರಬೇಕು ರೀ. ಒಳಗೆ ಬಂದ ನೀರು ಕೆಳಗಿಳಿಯೋಕೆ ಇರಬೇಕು."

"ನೀರು ಒಳಗೆ ಬಂದ್ರೆ ತಾನೇ ಇಳಿಯೋದು? ನಾನು ಬರೋಕೇ ಬಿಡಲ್ಲ!"

ಒಂದೊಂದಾಗಿ ಎಲ್ಲವನ್ನೂ ತುಂಬಿದರು. ಅಚ್ಚುಕಟ್ಟಾಗಿ, ನಯವಾಗಿ, ಬೆರಳಿನಿಂದ ಸವರಿ. ಇಷ್ಟು ಚೆಂದದ ಕೆಲಸ ಅವರು ಕ್ಲಿನಿಕ್ಕಿನಲ್ಲೂ ಮಾಡಿರಲಿಲ್ಲ.

ಮತ್ತು ಆಶ್ಚರ್ಯವೇನು ಗೊತ್ತೇ? ಸೋರುವುದು ನಿಂತಿತು! ಮಳೆ ಬಂತು, ಹನಿ ಬೀಳಲಿಲ್ಲ. ಜಡಿಮಳೆ ಬಂತು, ಹನಿ ಬೀಳಲಿಲ್ಲ. ಡಾಕ್ಟರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕ್ಲಿನಿಕ್ಕಿನಲ್ಲಿ ರೋಗಿಗಳ ಬಾಯಿಗೆ ಹತ್ತಿ ತುರುಕಿ ಇಡೀ ಕಥೆ ಹೇಳಿದರು, ಯಾರೂ ಎದುರಾಡಲಿಲ್ಲ. ಜಡ್ಜರ ದೋಣಿಯ ಮುಂದೆ ನಿಂತು, "ಬಕೆಟ್ ಮಾರೋದಾದ್ರೆ ಹೇಳಿ" ಎಂದು ಚುಚ್ಚಿದರು. ಬಾಮೈದನಿಗೆ ಫೋನು ಮಾಡಿ, "ಐಸ್‌ಕ್ರೀಮಿಗೆ ಬೇರೆ ಡಬ್ಬ ನೋಡ್ಕೊಳ್ಳಯ್ಯಾ" ಎಂದೂ ಹೇಳಿಬಿಟ್ಟರು.

ಹೆಂಡತಿ ಮಾತ್ರ ಹಾಸಿಗೆಯ ಪಕ್ಕದ ಗೋಡೆಯನ್ನೇ ನೋಡುತ್ತಿದ್ದರು.

"ರೀ, ಗೋಡೆ ಉಬ್ಬಿದೆ."

"ಹಳೇ ದೋಣಿ. ವಯಸ್ಸಾದ್ಮೇಲೆ ಸ್ವಲ್ಪ ಹೊಟ್ಟೆ ಬರುತ್ತೆ."

"ಅದು ಗೊತ್ತು, ದಿನಾ ನೋಡ್ತೀನಲ್ಲ. ಆದ್ರೆ ಇದು ಹೋದ ವಾರ ಇರಲಿಲ್ಲ. ಮುಟ್ಟಿದ್ರೆ ಮೆತ್ತಗಿದೆ. ಒಳಗೆ ಏನೋ ಗುಳುಗುಳು ಅನ್ನುತ್ತೆ."

"ಸಮುದ್ರದ ಸದ್ದು ಕಣೇ ಅದು. ಕ್ಯಾಪ್ಟನ್ ಕಿವಿಗೆ ಗೊತ್ತಾಗುತ್ತೆ."

ಕೆನ್ನೆ ಊದಿಸಿಕೊಂಡು ಬಂದ ಯಾವ ರೋಗಿಯನ್ನು ಕಂಡರೂ "ಒಳಗೆ ಕೀವು ಕಟ್ಟಿದೆ, ದಾರಿ ಮಾಡಿ ಹೊರಗೆ ಬಿಡದಿದ್ದರೆ ಒಡೆಯುತ್ತೆ" ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲ ಮನುಷ್ಯ! ತಮ್ಮದೇ ದೋಣಿಯ ಕೆನ್ನೆ ಊದಿದಾಗ ಸಮುದ್ರದ ಸಂಗೀತ ಕೇಳಿದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಹಲ್ಲಿನ ಡಾಕ್ಟರ ಕಥೆ ಅದಕ್ಕಿಂತ ಬೇರೆಯಲ್ಲ.

ಬಾಮೈದ ಬಂದ ದಿನ ಆಕಾಶವೇ ಹರಿದಂತೆ ಮಳೆ. ಡಾಕ್ಟರಿಗೆ ಹಿಗ್ಗೋ ಹಿಗ್ಗು. ಗೆಲುವಿಗೆ ಸಾಕ್ಷಿಗಳಿರಲೆಂದು ಜೆಟ್ಟಿಯಲ್ಲಿ ಸಿಕ್ಕವರನ್ನೆಲ್ಲ ಒಳಗೆ ಕರೆದರು. ಬಕೆಟ್ ಜಡ್ಜರು ಬಂದರು. ಮೂಲೆ ಬೇಕರಿಯ ಯಜಮಾನರು ಬಂದರು. ಅಂಚೆ ಕಚೇರಿಯ ಮೇಡಮ್ಮು ಬಂದರು. ಎಲ್ಲರೂ ಡಾಕ್ಟರ ರೋಗಿಗಳೇ. ಬರುವುದಿಲ್ಲ ಎನ್ನಲು ಯಾರಿಗೂ ಧೈರ್ಯ ಸಾಲದು. ತಿಳಿ ಬಣ್ಣದ ಹೊಸ ಪ್ಯಾಂಟು ಹಾಕಿಕೊಂಡಿದ್ದ ಬಾಮೈದನನ್ನು ಕಿಟಕಿಯ ಕೆಳಗಿನ ಹಾಸಿಗೆಯ ಮೇಲೆ, ಉಬ್ಬಿದ ಗೋಡೆಗೆ ಒರಗಿಸಿ ಕೂರಿಸಲಾಯಿತು.

"ಭಾವ, ಈ ಗೋಡೆ ತಣ್ಣಗೆ ಮೆತ್ತಗೆ ಚೆನ್ನಾಗಿದೆ. ದಿಂಬು ಹೊಲಿಸಿದ್ದೀರಾ?"

"ಅದೆಲ್ಲ ಬಿಡು. ಮೇಲೆ ನೋಡು. ಹನಿ ಕಾಣ್ತಾ?"

ಎಲ್ಲರೂ ಮೇಲೆ ನೋಡಿದರು. ಮಳೆ ನೆತ್ತಿಯ ಮೇಲೆ ತಮಟೆ ಬಾರಿಸುತ್ತಿತ್ತು. ಕಿಟಕಿಗಳ ಅಂಚು ಒಣಗಿದ ರೊಟ್ಟಿಯಂತಿತ್ತು. ಒಂದು ಹನಿ ಇಲ್ಲ! ಹೆಂಡತಿ ಕೂಡ ಕತ್ತೆತ್ತಿ ನೋಡಿ, "ನಿಜ, ಬೀಳ್ತಿಲ್ಲ," ಎಂದರು. ಆ ಮಾತು ಕೇಳಿ ಡಾಕ್ಟರ ಕಣ್ಣಲ್ಲಿ ನೀರು ಬಂತು. ದೋಣಿಯೊಳಗೆ ಆಗ ಕಂಡ ನೀರು ಅದೊಂದೇ.

ಬಾಮೈದ ಪೆಚ್ಚಾಗಿ, "ಸರಿ ಅಕ್ಕ, ಮಾತು ಮಾತೇ. ದೋಣಿ ಭಾವನದ್ದೇ," ಎಂದ.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಡಾಕ್ಟರು ಸುಮ್ಮನೆ ಬಾಯಿ ಮುಚ್ಚಿಕೊಂಡು ಛತ್ರಿ ಹಂಚಿದ್ದರೆ ಸಾಕಿತ್ತು, ದೋಣಿ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆದರೆ ಗೆದ್ದ ಗಂಡಸಿಗೆ ಭಾಷಣ ಮಾಡದಿದ್ದರೆ ಗೆಲುವು ಅರಗುವುದಿಲ್ಲ.

"ಮಹನೀಯರೇ! ಇದಕ್ಕೆ ಕೆಲಸ ಅಂತಾರೆ! ನಿಮ್ಮ ಬಾಯಲ್ಲಿ ನಾನು ಮಾಡಿರೋದೂ ಇದೇ ಕೆಲಸ, ಇದೇ ಕೈ! ಎಷ್ಟು ಗಟ್ಟಿ ಅಂತೀರಾ? ಬಂಡೆ! ಬೇಕಾದ್ರೆ ನೋಡಿ..."

"ರೀ, ಗುದ್ದಬೇಡಿ!" ಎಂದು ಹೆಂಡತಿ ಕೂಗಿದರು. ಆಕೆಯ ಬಲಗಾಲು ತಾನಾಗಿಯೇ ನೆಲ ಒತ್ತಿತು. ಅಲ್ಲಿ ಬ್ರೇಕಿರಲಿಲ್ಲ.

ಡಾಕ್ಟರ ಮುಷ್ಟಿ ಗೋಡೆಗೆ ಬಡಿಯಿತು.

ಮೊದಲು 'ಚಿರ್' ಎಂದು ಒಂದು ಸದ್ದು. ಆಮೇಲೆ ಬಿಳಿ ಹಲಗೆ, ಬಾಗಿಲು ತೆರೆದು ಸ್ವಾಗತಿಸುವವರ ಹಾಗೆ, ನಿಧಾನವಾಗಿ ಮುಂದಕ್ಕೆ ಬಾಗಿತು. ಆಮೇಲೆ ಅಷ್ಟೂ ದಿನಗಳ ಅಷ್ಟೂ ಮಳೆಯ ನೀರು ಒಟ್ಟಿಗೇ ಬಂತು! ಕಂದು ಬಣ್ಣದ ನೀರು, ಕೊಳೆತ ಮರದ ಚೂರು, ಯಾವ ಕಾಲದ್ದೋ ಹೂಳು. ವಾಸನೆಯ ವಿಚಾರ ಹೇಳುವುದೇ ಬೇಡ. ಬಾಮೈದ ಹಾಸಿಗೆ ಸಮೇತ ತೇಲಿ ಎದುರು ಹಾಸಿಗೆಯವರೆಗೆ ಪ್ರಯಾಣ ಬೆಳೆಸಿದ. ಬೇಕರಿಯವರ ಟೋಪಿ ಒಂದು ಸುತ್ತು ತಿರುಗಿ ಅಂಚೆ ಮೇಡಮ್ಮಿನ ಮಡಿಲು ಸೇರಿತು. ಜಡ್ಜರು ಅಭ್ಯಾಸದಂತೆ ಬಕೆಟ್ಟಿಗಾಗಿ ಕೈ ಚಾಚಿದರು. ಈ ದೋಣಿಯಲ್ಲಿ ಬಕೆಟ್ಟನ್ನು ಹೋದ ವಾರವೇ ಎಸೆದಾಗಿತ್ತು. "ಕಿಟಕಿ ತೆಗೀರಿ, ಉಸಿರು ಕಟ್ಟುತ್ತೆ!" ಎಂದು ಯಾರೋ ಕೂಗಿದರು. ಯಾವ ಕಿಟಕಿ? ಎಲ್ಲವೂ ಬಂಡೆ!

ನೀರು ಮೊಣಕಾಲಿಗೆ ಬಂದು ನಿಂತಿತು.

ಆಗ ಡಾಕ್ಟರು ಒಂದು ದೃಶ್ಯ ಕಂಡರು. ಜಡ್ಜರ ಬಾಯಿ ಮುಚ್ಚಿತ್ತು, ಆದರೆ ಅವರ ಬಲಗೆನ್ನೆ ಮೆಲ್ಲಗೆ ಉಬ್ಬಿ ಇಳಿಯಿತು. ಬೇಕರಿಯವರ ಎಡಗೆನ್ನೆ ಉಬ್ಬಿತು. ಅಂಚೆ ಮೇಡಮ್ಮಿನ ಕೆಳತುಟಿಯ ಹಿಂದೆ ಏನೋ ಓಡಾಡಿತು. ಎಲ್ಲರೂ ನಾಲಿಗೆಯಿಂದ ತಮ್ಮ ತಮ್ಮ ಹಲ್ಲು ತಡವಿ ನೋಡಿಕೊಳ್ಳುತ್ತಿದ್ದರು! ಯಾವ ಹಲ್ಲಿಗೆ ತಾನು ತುಂಬಿಸಿದ್ದೆ ಎಂಬುದು ಡಾಕ್ಟರಿಗೆ ಆಯಾ ಕೆನ್ನೆಯಿಂದಲೇ ನೆನಪಾಯಿತು. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು.

ಬಾಮೈದನೊಬ್ಬನನ್ನು ಬಿಟ್ಟು ಎಲ್ಲರೂ ಒಬ್ಬೊಬ್ಬರಾಗಿ, ಬಟ್ಟೆ ಹಿಂಡಿಕೊಂಡು, ಹೊರಗೆ ಹೋದರು. "ಸೋಮವಾರ ನಾನು ಬರೋದಿತ್ತು, ಆಮೇಲೆ ಫೋನ್ ಮಾಡ್ತೀನಿ ಡಾಕ್ಟ್ರೇ," ಎಂದರು ಅಂಚೆ ಮೇಡಮ್ಮು, ಕೈಯಿಂದ ಬಾಯಿ ಮುಚ್ಚಿಕೊಂಡು.

ಹೆಂಡತಿ ಒಡೆದ ಗೋಡೆಯೊಳಗೆ ಟಾರ್ಚು ಬಿಟ್ಟು ನೋಡುತ್ತಿದ್ದರು. ಹಲಗೆ ಕಿತ್ತುಹೋದ ಮೇಲೆ ಒಳಗಿನದೆಲ್ಲ ಕನ್ನಡಿಯ ಹಾಗೆ ಕಾಣುತ್ತಿತ್ತು. ಹೊರಗಿನಿಂದ ಯಾವ ಕಿಟಕಿಯ ಮೂಲಕವೂ ನೀರು ಬರುತ್ತಿರಲಿಲ್ಲ. ನೀರಿನ ಗೆರೆಗಳು ನೇರವಾಗಿ ಮೇಲಿನಿಂದ, ಛಾವಣಿಯಲ್ಲಿ ಇಣುಕುತ್ತಿದ್ದ ಬೋಲ್ಟುಗಳ ಸುತ್ತಲಿಂದ ಇಳಿಯುತ್ತಿದ್ದವು.

"ರೀ, ಮೇಲೆ ಆ ಹಿತ್ತಾಳೆ ಕಂಬಿ ಹಾಕಿದ್ದು ಯಾರು?"

ಡಾಕ್ಟರು ಗಂಟಲು ಸರಿಮಾಡಿಕೊಂಡರು. ಹೋದ ವರ್ಷ, ಕ್ಯಾಪ್ಟನ್ನು ಮೇಲೆ ನಿಂತಾಗ ಕೈಯಿಟ್ಟುಕೊಳ್ಳಲು ಗತ್ತಾಗಿ ಒಂದು ಕಂಬಿ ಬೇಕೆಂದು, ಛಾವಣಿ ಕೊರೆದು ಅದನ್ನು ಕೂರಿಸಿದ್ದು ಅವರೇ. ಬೋಲ್ಟಿನ ಕೆಳಗೆ ಒಂದು ತೊಟ್ಟು ಅಂಟು ಹಾಕಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!

"ಅಂದ್ರೆ ತೂತು ಕೊರೆದಿದ್ದೂ ನೀವೇ," ಎಂದರು ಆಕೆ.

ಡಾಕ್ಟರು ಜೇಬಿಗೆ ಕೈ ಹಾಕಿ, ಒದ್ದೆಯಾದ ಬೀಗದಕೈ ತೆಗೆದು, ಬಾಮೈದನತ್ತ ಚಾಚಿದರು. ಬಾಯಲ್ಲಿ ಎಷ್ಟೇ ಬಡಾಯಿಯಿದ್ದರೂ ಆಡಿದ ಮಾತಿಗೆ ತಪ್ಪುವ ಮನುಷ್ಯನಲ್ಲ.

"ತಗೋಪ್ಪ. ಚೆನ್ನಾಗಿ ನೋಡ್ಕೋ. ಮಕ್ಕಳು ಕೈ ಒರೆಸದ ಹಾಗೆ ನೋಡ್ಕೋ."

ಬಾಮೈದ ಎರಡು ಹೆಜ್ಜೆ ಹಿಂದೆ ಸರಿದ. ಅವನ ಕಿವಿಯಿಂದ ಇನ್ನೂ ಹೂಳು ಇಳಿಯುತ್ತಿತ್ತು.

"ಬೇಡ ಭಾವ. ಬಿಟ್ಟಿಯಾಗಿ ಕೊಟ್ರೂ ಬೇಡ. ಈ ವಾಸನೆ ಹೋಟೆಲ್ ಮುಂದೆ ನಿಂತ್ರೆ ಐಸ್‌ಕ್ರೀಮ್ ಇರಲಿ, ಒಳಗೆ ಊಟಕ್ಕೆ ಕೂತಿರೋರೂ ಎದ್ದು ಹೋಗ್ತಾರೆ. ಅಕ್ಕಾ, ನಾನು ಬರ್ತೀನಿ."

ಡಾಕ್ಟರಿಗೆ ಒಂದು ಕ್ಷಣ ಅವಮಾನವಾಯಿತು. ಮರುಕ್ಷಣ ತಲೆಯೊಳಗೆ ಬೆಳಕು ಹರಿಯಿತು. ಬೇಡವಂತೆ! ಅಂದರೆ ದೋಣಿ ಉಳಿಯಿತು! ಕ್ಯಾಪ್ಟನ್ನೂ ಉಳಿದ! ಮೊಣಕಾಲುದ್ದ ಕೊಳಚೆಯಲ್ಲಿ ನಿಂತೇ ಅವರ ಮುಖ ಅರಳಿತು. ಇಂಥ ಜಾಣ ಸೋಲು ಯಾರಿಗುಂಟು ಎಂದುಕೊಂಡು ಬೀಗದಕೈಯನ್ನು ಮೆಲ್ಲಗೆ ಜೇಬಿಗಿಳಿಸಲು ಹೊರಟರು.

"ಇಲ್ಲಿ ಕೊಡಿ," ಎಂದು ಹೆಂಡತಿ ಕೈ ಚಾಚಿದರು.

"ಅವನಿಗೆ ಬೇಡವಂತಲ್ಲೇ!"

"ಅವನಿಗೆ ಬೇಡ. ನನಗೆ ಬೇಕು."

ಕೊಟ್ಟರು. ಬೇರೆ ದಾರಿಯೇನಿತ್ತು?

ಆ ವಾರವಿಡೀ ಆ ವಿಷಯ ಮನೆಯಲ್ಲಿ ಬರಲಿಲ್ಲ. ಕ್ಲಿನಿಕ್ಕಿನಲ್ಲಿ ಎರಡು ಕುರ್ಚಿಗಳೂ ಖಾಲಿಯಿದ್ದುದರಿಂದ ಡಾಕ್ಟರಿಗೆ ಯೋಚನೆ ಮಾಡಲು ಬೇಕಾದಷ್ಟು ಸಮಯ ಸಿಕ್ಕಿತು. ಭಾನುವಾರ ಬೆಳಿಗ್ಗೆ ಜೆಟ್ಟಿಗೆ ಹೋಗಿ ನೋಡುತ್ತಾರೆ: ಕಪ್ಪು ಹುಬ್ಬುಗಳೆಲ್ಲ ಮಾಯ, ಕಿಟಕಿಗಳೆಲ್ಲ ತೆರೆದು ಗಾಳಿ ಆಡುತ್ತಿದೆ. ಹಿತ್ತಾಳೆ ಕಂಬಿ ಜೆಟ್ಟಿಯ ಹಲಗೆಯ ಮೇಲೆ ಬಿದ್ದಿದೆ. ಹೆಂಡತಿ ದೋಣಿಯ ಛಾವಣಿಯ ಮೇಲೆ ಕೂತು, ಟ್ಯೂಬಿನ ಸೂಚನೆಯನ್ನು ಒಂದೊಂದೇ ಸಾಲು ಓದುತ್ತ, ಹೊರಗಡೆಯಿಂದ, ಅವಸರವಿಲ್ಲದೆ ತೂತುಗಳನ್ನು ಮುಚ್ಚುತ್ತಿದ್ದಾರೆ. ಕೈಗೆ ಒಂದು ಚುಕ್ಕೆ ಅಂಟಿಲ್ಲ. ದೋಣಿಯ ಹಿಂಬದಿಗೆ, ಎಲ್ಲರಿಗೂ ಕಾಣುವ ಹಾಗೆ, ಡ್ರೈವಿಂಗ್ ಸ್ಕೂಲಿನ ಕೆಂಪು 'ಎಲ್' ಬೋರ್ಡು ತೂಗಾಡುತ್ತಿದೆ.

ಡಾಕ್ಟರಿಗೆ ಅಯ್ಯೋ ಪಾಪ ಅನ್ನಿಸಿತು. ಎಷ್ಟಾದರೂ ತಮ್ಮ ಹೆಂಡತಿ. ದೊಡ್ಡ ಮನಸ್ಸು ಮಾಡಿ ಕೂಗಿದರು.

"ದೋಣಿ ನಡೆಸೋದು ಕಲಿಯೋಕೆ ಹೊರಟಿದ್ದೀಯಾ? ಒಳ್ಳೇದಾಯ್ತು ಬಿಡು. ಬೋರ್ಡು ಬೇರೆ ಹಾಕ್ಕೊಂಡಿದ್ದೀಯಾ, ಭೇಷ್! ಹೆದರ್ಕೋಬೇಡ, ನಾನು ಪಕ್ಕದಲ್ಲೇ ಕೂತು ಎಲ್ಲಾ ಹೇಳಿಕೊಡ್ತೀನಿ."

ಆಕೆ ತಲೆಯೆತ್ತಲಿಲ್ಲ. ಕೊನೆಯ ತೂತನ್ನು ನಯವಾಗಿ ಸವರಿ ಮುಗಿಸಿದರು.

"ಪಕ್ಕದ ಸೀಟು ನಂದು ರೀ. ಬೋರ್ಡು ನಿಮಗೆ."